‘ಪಾಶ್’ ಪದ ಹಡಗು ಹತ್ತಿ ಬಂತೇ? ಇಂಗ್ಲಿಷ್ ಆಡುಮಾತಿನ ಪದದ ಮೂಲ ಹುಡುಕುವ ಬಗೆ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಪದ ಹೊಸದಲ್ಲ. ‘ಸದಾಶಿವನಗರ ಬೇಡ ಸಾರ್, ಪಾಶ್ ಏರಿಯಾ, ಬಾಡಿಗೆ ಜಾಸ್ತಿ’ ಎಂದು ಬ್ರೋಕರ್ ಮೊದಲೇ ಹೇಳಿಬಿಡುತ್ತಾರೆ. ಪಾಶ್ ಅಂದರೆ ಏನು ಎಂದು ಯಾರೂ ಕೇಳುವುದಿಲ್ಲ. ಎಲ್ಲರಿಗೂ ಗೊತ್ತು.

ಆದರೆ ಅದು ಎಲ್ಲಿಂದ ಬಂತು? ನನಗೆ ಇದನ್ನು ಮೊದಲು ಹೇಳಿದವರು ನನ್ನ ಸೋದರಮಾವ. ಬ್ರಿಟಿಷರ ಕಾಲದಲ್ಲಿ ದೊಡ್ಡ ದೊಡ್ಡ ಅಧಿಕಾರಿಗಳು ಇಂಗ್ಲೆಂಡಿನಿಂದ ಬೊಂಬಾಯಿಗೆ ಹಡಗಿನಲ್ಲಿ ಬರುತ್ತಿದ್ದರು. ದಾರಿಯಲ್ಲಿ ಕೆಂಪು ಸಮುದ್ರದ ಸೆಕೆ ತಡೆಯಲಾಗುತ್ತಿರಲಿಲ್ಲ. ದುಡ್ಡಿದ್ದವರು ಬರುವಾಗ ಹಡಗಿನ ಎಡಗಡೆಯ ಕೋಣೆ, ಹೋಗುವಾಗ ಬಲಗಡೆಯ ಕೋಣೆ ಹಿಡಿಯುತ್ತಿದ್ದರು. ಬಿಸಿಲು ಆ ಕಡೆ ಕಡಿಮೆ. ಹಡಗಿನ ಭಾಷೆಯಲ್ಲಿ ಎಡ ಅಂದರೆ ಪೋರ್ಟ್, ಬಲ ಅಂದರೆ ಸ್ಟಾರ್‌ಬೋರ್ಡ್. ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂಬ ನಾಲ್ಕು ಪದಗಳ ಮೊದಲ ಅಕ್ಷರ ಸೇರಿಸಿದರೆ ಪಾಶ್. ಪಿ ಆ್ಯಂಡ್ ಓ ಹಡಗು ಕಂಪನಿ ಆ ಟಿಕೆಟ್‌ಗಳ ಮೇಲೆ ಈ ನಾಲ್ಕು ಅಕ್ಷರಗಳ ಮುದ್ರೆ ಒತ್ತುತ್ತಿತ್ತು. ಕಥೆ ಇಷ್ಟು. ಮಾವ ದಿನಪತ್ರಿಕೆಯ ಅಂಚಿನಲ್ಲಿ ಹಡಗಿನ ದಾರಿಯ ನಕ್ಷೆಯನ್ನೂ ಬರೆದು ತೋರಿಸಿದ್ದರು. ನಾನು ಅದನ್ನು ಪೂರ್ತಿ ನಂಬಿದ್ದೆ.

ಆ ಕಥೆಗೆ ಆಧಾರ ಇಲ್ಲ. ಇದು ನನಗೆ ಗೊತ್ತಾದದ್ದು ಯಾರೋ ದೊಡ್ಡವರು ಹೇಳಿದ್ದರಿಂದ ಅಲ್ಲ, ಸುಮ್ನೆ ಒಂದು ಸಂಜೆ ಕೂತು ಹುಡುಕಿದ್ದರಿಂದ. ನೀವೂ ಹುಡುಕಬಹುದು. ಫೋನ್ ಇದ್ದರೆ ಸಾಕು, ಭಾಷಾಶಾಸ್ತ್ರ ಓದಿರಬೇಕಾಗಿಲ್ಲ. ಪಾಶ್ ಪದವನ್ನೇ ಕೈಯಲ್ಲಿ ಹಿಡಿದು ಹೇಗೆ ಹುಡುಕುವುದು ಎಂದು ಹೇಳುತ್ತೇನೆ. ಬೇರೆ ಪದಗಳಿಗೂ ಇದೇ ದಾರಿ.

ಮೊದಲ ಹೆಜ್ಜೆ: ಅರ್ಥವನ್ನು ಬರೆದಿಟ್ಟುಕೊಳ್ಳಿ

ಮೂಲಕ್ಕೆ ಹೋಗುವ ಮೊದಲು ಅರ್ಥ ಸರಿಯಾಗಿ ಗೊತ್ತಿರಬೇಕು. ಪದ ನಿಮ್ಮ ಊರಿನಲ್ಲಿ ಏನು ಹೇಳುತ್ತದೆ, ಹುಟ್ಟಿದ ಊರಿನಲ್ಲಿ ಏನು ಹೇಳುತ್ತದೆ, ಎರಡನ್ನೂ ಬರೆಯಿರಿ.

ನಮ್ಮಲ್ಲಿ ಪಾಶ್ ಹೆಚ್ಚಾಗಿ ಜಾಗಕ್ಕೆ, ಮನೆಗೆ, ಹೋಟೆಲಿಗೆ ಅಂಟುವ ಪದ. ಅದರಲ್ಲಿ ಸ್ವಲ್ಪ ಬೆರಗು, ಸ್ವಲ್ಪ ಮೆಚ್ಚುಗೆ ಇರುತ್ತದೆ. ಬ್ರಿಟನ್ನಿನಲ್ಲಿ ಅದು ಮನುಷ್ಯರಿಗೂ ಅಂಟುತ್ತದೆ. ಮಾತಿನ ಧಾಟಿ, ಓದಿದ ಶಾಲೆ, ಹುಟ್ಟಿದ ಮನೆತನ, ಎಲ್ಲಕ್ಕೂ ಪಾಶ್ ಎನ್ನುತ್ತಾರೆ. ಅಲ್ಲಿ ದುಡ್ಡಿಗಿಂತ ಮೇಲ್ವರ್ಗದ ವಾಸನೆ ಜಾಸ್ತಿ. ಹಣ ಖಾಲಿಯಾದ ಹಳೆಯ ಜಮೀನ್ದಾರಿ ಕುಟುಂಬದವರೂ ಪಾಶ್ ಅನ್ನಿಸಿಕೊಳ್ಳಬಹುದು, ನಿನ್ನೆ ಕೋಟ್ಯಧಿಪತಿ ಆದವರು ಅನ್ನಿಸಿಕೊಳ್ಳದೇ ಇರಬಹುದು. ಹಾಗಾಗಿ ಓದಲು ಅಥವಾ ಕೆಲಸಕ್ಕೆ ಲಂಡನ್ ಕಡೆ ಹೋದ ನಮ್ಮ ಹುಡುಗರು ಸ್ವಲ್ಪ ನೋಡಿಕೊಂಡು ಬಳಸಬೇಕು. ಸಹೋದ್ಯೋಗಿಗೆ ‘ನಿಮ್ಮ ಇಂಗ್ಲಿಷ್ ತುಂಬಾ ಪಾಶ್’ ಎಂದರೆ ಅವರಿಗೆ ಅದು ಹೊಗಳಿಕೆಯಾಗಿಯೇ ಕೇಳಿಸುತ್ತದೆ ಎಂದು ಹೇಳಲಾಗದು. ಚುಚ್ಚುಮಾತಿನಂತೆಯೂ ಕೇಳಿಸಬಹುದು. ‘ಪಾಶ್ ರೆಸ್ಟೋರೆಂಟ್’ ಅಂದರೆ ಏನೂ ತೊಂದರೆ ಇಲ್ಲ.

ಇದೇ ಹೆಜ್ಜೆಯಲ್ಲಿ ಇನ್ನೊಂದು ಕೆಲಸ ಇದೆ. ಒಂದೇ ಥರ ಕಾಣುವ ಬೇರೆ ಪದಗಳನ್ನು ಆರಿಸಿ ಪಕ್ಕಕ್ಕಿಡಿ. ಆಫೀಸುಗಳಲ್ಲಿ ‘ಪಾಶ್ ಟ್ರೈನಿಂಗ್’ ಎಂಬುದು ಇರುತ್ತದಲ್ಲ? ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಚಿಕ್ಕ ಹೆಸರು ಅದು. ಅಲ್ಲಿ ನಾಲ್ಕು ಅಕ್ಷರಗಳೂ ನಿಜವಾಗಿಯೇ ಬೇರೆ ಪದಗಳ ಮೊದಲಕ್ಷರ. ನಾವು ಹುಡುಕುತ್ತಿರುವ ಪದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಎರಡನೆಯ ಹೆಜ್ಜೆ: ಪದದ ವಯಸ್ಸು, ಕಥೆಯ ವಯಸ್ಸು

ಎಲ್ಲದರ ಜೀವ ಈ ಹೆಜ್ಜೆಯಲ್ಲಿದೆ. ಬೇರೆ ಯಾವುದಕ್ಕೂ ಸಮಯ ಇಲ್ಲದಿದ್ದರೆ ಇದೊಂದನ್ನಾದರೂ ಮಾಡಿ.

ಪದ ಮೊದಲ ಬಾರಿ ಅಚ್ಚಿನಲ್ಲಿ ಕಂಡದ್ದು ಯಾವಾಗ? ಇದಕ್ಕೆ ಒಳ್ಳೆಯ ನಿಘಂಟುಗಳಿವೆ. ಮೆರಿಯಂ-ವೆಬ್‌ಸ್ಟರ್ ನಿಘಂಟು ಇಂಟರ್ನೆಟ್‌ನಲ್ಲಿ ಉಚಿತ. ಪದದ ಪುಟದಲ್ಲಿ ಕೆಳಗೆ ಇಳಿದರೆ ಮೊದಲ ಬಳಕೆಯ ವರ್ಷ ಸಿಗುತ್ತದೆ. ಎಟಿಮಾನ್‌ಲೈನ್ ಎಂಬ ತಾಣದಲ್ಲಿ ಪದದ ಇತಿಹಾಸ ನಾಲ್ಕು ಸಾಲಿನಲ್ಲಿ ಸಿಗುತ್ತದೆ. ಆಡುಮಾತಿಗೆಂದೇ ಗ್ರೀನ್ಸ್ ಡಿಕ್ಷನರಿ ಆಫ್ ಸ್ಲ್ಯಾಂಗ್ ಇದೆ. ಅದರಲ್ಲಿ ವರ್ಷವಾರು ಉದಾಹರಣೆ ವಾಕ್ಯಗಳನ್ನು ಜೋಡಿಸಿಟ್ಟಿದ್ದಾರೆ. ಎಲ್ಲಕ್ಕಿಂತ ದೊಡ್ಡದು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ. ಅದಕ್ಕೆ ಚಂದಾ ಬೇಕು. ನಿಮ್ಮ ಕಾಲೇಜು ಅಥವಾ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಚಂದಾ ಇದೆಯಾ ಎಂದು ಒಮ್ಮೆ ಕೇಳಿ ನೋಡಿ.

ಪಾಶ್ ಪದಕ್ಕೆ ಸಿಗುವ ಲೆಕ್ಕ ಹೀಗಿದೆ. 1914ರಲ್ಲಿ ಬ್ರಿಟಿಷ್ ಸೇನೆಯ ಒಳಬದುಕಿನ ಬಗ್ಗೆ ಬಂದ ಒಂದು ಪುಸ್ತಕ, ಕುದುರೆ ಸವಾರ ಸೈನಿಕರು ಸಿಕ್ಕಾಗಲೆಲ್ಲ ಪಾಶ್ ಬಟ್ಟೆ ತೊಡುತ್ತಾರೆ ಎನ್ನುತ್ತದೆ. ಒಳ್ಳೆಯ ದರ್ಜೆಯ ಬಟ್ಟೆಗೆ ಅವರು ಹೀಗೆ ಹೇಳುತ್ತಾರೆ ಎಂದು ವಿವರಣೆಯನ್ನೂ ಕೊಡುತ್ತದೆ. ಆಮೇಲೆ 1918ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ‘ಪಂಚ್’ ವಾರಪತ್ರಿಕೆಯಲ್ಲಿ ಒಂದು ವ್ಯಂಗ್ಯಚಿತ್ರ ಬಂತು. ವಾಯುಪಡೆಯ ಹುಡುಗ ಅಮ್ಮನಿಗೆ, ಅಲ್ಲಿ ನಮ್ಮ ಕಾಲ ತುಂಬಾ ಪಾಶ್ ಆಗಿ ಕಳೆಯಿತು ಎನ್ನುತ್ತಾನೆ. ಹಾಗಂದರೆ ಏನು ಎಂದು ಅಮ್ಮ ಕೇಳುತ್ತಾಳೆ. ಅವನು ಇನ್ನೊಂದು ಆಡುಮಾತಿನ ಪದ ಹೇಳಿ ಅರ್ಥ ಬಿಡಿಸುತ್ತಾನೆ. ನನಗೆ ಈ ಚಿತ್ರ ತುಂಬಾ ಇಷ್ಟ. ಪದಕ್ಕೆ ವಿವರಣೆ ಕೊಡಬೇಕಾಗಿದೆ ಅಂದರೆ ಪದ ಇನ್ನೂ ಹೊಸದು. ಮಗನಿಗೆ ಗೊತ್ತು, ಅಮ್ಮನಿಗೆ ಗೊತ್ತಿಲ್ಲ. ಪದ ಸಿಪಾಯಿಗಳ ಬಾಯಿಂದ ಆಗಷ್ಟೇ ಮನೆಯೊಳಗೆ ಬರುತ್ತಿದೆ.

ಈಗ ಕಥೆಯ ವಯಸ್ಸು ನೋಡಿ. ಹುಡುಕುವವರು ಹೆಚ್ಚಾಗಿ ಇದನ್ನೇ ಮರೆಯುತ್ತಾರೆ. ಪದಕ್ಕೆ ಹುಟ್ಟಿದ ವರ್ಷ ಇರುವಂತೆ ಅದರ ಬಗ್ಗೆ ಹೇಳುವ ಕಥೆಗೂ ಒಂದು ಹುಟ್ಟಿದ ವರ್ಷ ಇರುತ್ತದೆ. ಪೋರ್ಟ್–ಸ್ಟಾರ್‌ಬೋರ್ಡ್ ಕಥೆ ಅಚ್ಚಿನಲ್ಲಿ ಕಾಣುವುದು 1935ರಲ್ಲಿ, ಲಂಡನ್ನಿನ ಪತ್ರಿಕೆಯೊಂದಕ್ಕೆ ಓದುಗರು ಬರೆದ ಪತ್ರದಲ್ಲಿ. ಅಂದರೆ ಪದ ಬಂದು ಇಪ್ಪತ್ತು ವರ್ಷ ಆದ ಮೇಲೆ.

ಹಡಗುಗಳು ಕೆಂಪು ಸಮುದ್ರಕ್ಕೆ ಇಳಿಯುವ ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅಲ್ಲಿಂದ ಮುಂದೆ ಸಾವಿರಾರು ಜನ ಆ ದಾರಿಯಲ್ಲಿ ಓಡಾಡಿದರು. ಪತ್ರ ಬರೆದರು, ದಿನಚರಿ ಬರೆದರು, ಪ್ರವಾಸಿ ಕೈಪಿಡಿ ಬರೆದರು. ಆ ರಾಶಿಯಲ್ಲಿ ಎಲ್ಲೂ ಈ ನಾಲ್ಕಕ್ಷರದ ಗುಟ್ಟು ಕಾಣುವುದಿಲ್ಲ. ಭಾರತದಲ್ಲಿದ್ದ ಬ್ರಿಟಿಷರ ಮಾತುಗಳನ್ನೆಲ್ಲ ಗುಡ್ಡೆ ಹಾಕಿದ ‘ಹಾಬ್ಸನ್-ಜಾಬ್ಸನ್’ ನಿಘಂಟು 1886ರಲ್ಲಿ ಬಂತು, 1903ರಲ್ಲಿ ಮರುಮುದ್ರಣವಾಗಿ ಹಿಗ್ಗಿತು. ಪಂಖಾ ಎಳೆಯುವವನಿಂದ ಹಿಡಿದು ಮುಲ್ಲಿಗಟಾನಿ ಎಂಬ ಮೆಣಸಿನ ಸಾರಿನವರೆಗೆ ಎಲ್ಲ ಅದರಲ್ಲಿದೆ. ಈ ಪಾಶ್ ಇಲ್ಲ. ಬೊಂಬಾಯಿ ಹಡಗಿನಲ್ಲಿ ಹುಟ್ಟಿದ ಪದ ಆ ಪುಸ್ತಕದ ಕಣ್ಣು ತಪ್ಪಿಸಿಕೊಳ್ಳುವುದು ಕಷ್ಟ, ಅಲ್ವಾ?

ಹಳೆಯ ಪುಸ್ತಕಗಳಲ್ಲಿ ನೀವೇ ನೇರವಾಗಿ ಹುಡುಕುವುದಾದರೆ ಗೂಗಲ್ ಬುಕ್ಸ್‌ನಲ್ಲಿ ವರ್ಷದ ಮಿತಿ ಹಾಕಿ ಹುಡುಕಬಹುದು. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಪುಸ್ತಕಗಳು ಇಡೀ ಸಿಗುತ್ತವೆ. ಹಳೆಯ ಪತ್ರಿಕೆಗಳಿಗೆ ಆಸ್ಟ್ರೇಲಿಯಾದ ಟ್ರೋವ್, ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್ ಎರಡೂ ಉಚಿತ. ಬ್ರಿಟನ್ನಿನ ಆಡುಮಾತು ಆ ದೇಶಗಳಿಗೂ ಹಡಗಿನಲ್ಲೇ ಹೋಗಿದೆ, ಹಾಗಾಗಿ ಅಲ್ಲಿನ ಪತ್ರಿಕೆಗಳು ಬಹಳ ಸಲ ಕೈ ಹಿಡಿಯುತ್ತವೆ.

ಆದರೆ ಕಂಪ್ಯೂಟರ್ ತೋರಿಸಿದ್ದನ್ನೆಲ್ಲ ಎಣಿಸಬೇಡಿ. ಪುಟದ ಚಿತ್ರ ತೆರೆದು ಕಣ್ಣಾರೆ ಓದಿ. ಹಳೆಯ ಅಚ್ಚಿನಲ್ಲಿ ಒಂದಕ್ಷರ ಮಸುಕಾದರೆ ‘ಪುಶ್’ ಎಂಬುದನ್ನು ಯಂತ್ರ ‘ಪಾಶ್’ ಎಂದು ಓದುತ್ತದೆ. ನೂರು ವರ್ಷ ನಡೆದ ಪತ್ರಿಕೆಯ ಎಲ್ಲ ಸಂಪುಟಗಳಿಗೂ ಮೊದಲ ಸಂಪುಟದ ವರ್ಷವನ್ನೇ ಹಾಕಿರುವುದೂ ಉಂಟು. ಇನ್ನು ಹೆಸರುಗಳ ಕಾಟ. ಉಮರ್ ಖಯ್ಯಾಮನ ಪದ್ಯಗಳನ್ನು ಇಂಗ್ಲಿಷಿಗೆ ತಂದ ಎಡ್ವರ್ಡ್ ಫಿಟ್ಜ್‌ಜೆರಾಲ್ಡ್ 1860ರ ದಶಕದಲ್ಲಿ ಬರೆದ ಪತ್ರಗಳಲ್ಲಿ ಪಾಶ್ ಎಂಬ ಪದ ಬರುತ್ತದೆ. ನೋಡಿದ ಕೂಡಲೇ ಎದೆ ಝಲ್ ಎನ್ನುತ್ತದೆ. ಪತ್ರ ಪೂರ್ತಿ ಓದಿದರೆ ಅದು ಲೋಸ್ಟಾಫ್ಟ್ ಎಂಬ ಬಂದರಿನ ಮೀನುಗಾರನೊಬ್ಬನ ಅಡ್ಡಹೆಸರು! ಅವನೂ ಕವಿಯೂ ಸೇರಿ ಒಂದು ದೋಣಿ ಇಟ್ಟುಕೊಂಡಿದ್ದರು.

ಮೂರನೆಯ ಹೆಜ್ಜೆ: ಕಥೆಯೊಳಗಿನ ವಸ್ತುವನ್ನು ಹುಡುಕಿ

ಒಳ್ಳೆಯ ಕಥೆಯಲ್ಲಿ ಮುಟ್ಟಿ ನೋಡಬಹುದಾದ ಒಂದು ವಸ್ತು ಇರುತ್ತದೆ. ಇಲ್ಲಿ ಅದು ಟಿಕೆಟ್. ಪಿ ಆ್ಯಂಡ್ ಓ ಸಣ್ಣ ಕಂಪನಿ ಅಲ್ಲ. 1837ರಿಂದ ನಡೆದುಬಂದದ್ದು, ಸರ್ಕಾರದ ಅಂಚೆ ಹೊತ್ತದ್ದು, ಕಾಗದಪತ್ರ ಕಾಪಾಡಿಕೊಂಡದ್ದು. ಆ ಕಾಗದಗಳಲ್ಲಿ ಇಂಥ ಮುದ್ರೆಯ ಸುಳಿವಿಲ್ಲ. ಅಜ್ಜ-ಅಜ್ಜಿಯರ ಪೆಟ್ಟಿಗೆಯಲ್ಲಿ ಹಳೆಯ ಟಿಕೆಟ್ ಇಟ್ಟುಕೊಂಡ ಕುಟುಂಬಗಳು ಬ್ರಿಟನ್ನಿನ ತುಂಬ ಇವೆ. ಮುದ್ರೆ ಇರುವ ಒಂದು ಟಿಕೆಟ್ಟೂ ಇವತ್ತಿನವರೆಗೆ ಹೊರಬಂದಿಲ್ಲ.

ಮಾವನ ನಕ್ಷೆಯನ್ನು ನಾನು ಮತ್ತೆ ಬರೆದು ನೋಡಿದೆ. ನೀವೂ ಒಂದು ಹಾಳೆ ತೆಗೆದುಕೊಳ್ಳಿ. ಸೂಯೆಜ್‌ನಿಂದ ಕೆಂಪು ಸಮುದ್ರ ದಾಟಿ ಏಡನ್ ಬಂದರಿನವರೆಗೆ ಹಡಗು ದಕ್ಷಿಣಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿಕೊಂಡು ಸಾಗುತ್ತದೆ. ಆಗ ಎಡಗಡೆ ಪೂರ್ವ, ಬಲಗಡೆ ಪಶ್ಚಿಮ. ಮಧ್ಯಾಹ್ನದ ಮೇಲಿನ ಬಿಸಿಲು ಬಲಗಡೆಯ ಕೋಣೆಗೆ ಬಡಿಯುತ್ತದೆ, ಅದು ರಾತ್ರಿಯವರೆಗೂ ಕಾದಿರುತ್ತದೆ. ಏಡನ್ ದಾಟಿ ಬೊಂಬಾಯಿ ಕಡೆ ತಿರುಗಿದರೆ ಎಡಗಡೆ ಉತ್ತರ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಅಲ್ಲೂ ಎಡಗಡೆಯೇ ತಂಪು. ವಾಪಸ್ ಹೋಗುವಾಗ ಎಲ್ಲ ಅದಲುಬದಲು. ಮಾವನ ಲೆಕ್ಕ ತಪ್ಪಿರಲಿಲ್ಲ! ತಿಳಿದ ಪ್ರಯಾಣಿಕರು ಹಾಗೆ ಕೋಣೆ ಕೇಳಿ ಪಡೆದಿದ್ದರೂ ಆಶ್ಚರ್ಯ ಇಲ್ಲ.

ಆದರೂ ಅದು ಪದಕ್ಕೆ ಸಾಕ್ಷಿ ಆಗುವುದಿಲ್ಲ. ಎಡಗಡೆ ಕೋಣೆ ತಂಪಾಗಿತ್ತು ಎಂಬುದು ಬೇರೆ ಮಾತು, ಅದಕ್ಕೆ ನಾಲ್ಕಕ್ಷರದ ಹೆಸರಿತ್ತು ಎಂಬುದು ಬೇರೆ ಮಾತು, ಆ ಹೆಸರೇ ಸಿಪಾಯಿಗಳ ಬಟ್ಟೆಗೂ ಹೋಯಿತು ಎಂಬುದು ಮತ್ತೂ ಬೇರೆ ಮಾತು. ಮೊದಲನೆಯದು ನಿಜವಾದ್ದರಿಂದಲೇ ಉಳಿದ ಎರಡನ್ನೂ ನಾವು ಗಮನಿಸದೆ ನುಂಗಿಬಿಡುತ್ತೇವೆ. ಕಥೆ ಇಷ್ಟು ದಿನ ಬದುಕಿರುವುದು ಇದಕ್ಕೇ.

ನಾಲ್ಕನೆಯ ಹೆಜ್ಜೆ: ಮೊದಲಕ್ಷರದ ಕಥೆ ಕಂಡರೆ ಒಂದು ಕ್ಷಣ ನಿಲ್ಲಿ

ಶಾಲೆಯಲ್ಲಿ ನಮಗೆಲ್ಲ ಹೇಳಿಕೊಟ್ಟಿದ್ದಾರೆ: ನ್ಯೂಸ್ ಅಂದರೆ ನಾರ್ತ್, ಈಸ್ಟ್, ವೆಸ್ಟ್, ಸೌತ್. ನಾಲ್ಕು ದಿಕ್ಕಿನ ಸುದ್ದಿ. ನಿಜ ಏನೆಂದರೆ ಅದು ‘ನ್ಯೂ’ ಪದದ ಬಹುವಚನ, ‘ಹೊಸವು’ ಅಂದ ಹಾಗೆ. ಹೋಟೆಲಿನ ಟಿಪ್ಸ್‌ಗೂ ಇಂಥದೇ ಒಂದು ಕಥೆ ಇದೆ, ಅದೂ ಕಟ್ಟಿದ್ದೇ. ಮೊದಲಕ್ಷರ ಜೋಡಿಸಿ ಅದನ್ನೇ ಪದದಂತೆ ಉಚ್ಚರಿಸುವ ರೂಢಿ ಇಂಗ್ಲಿಷಿನಲ್ಲಿ ಜೋರಾದದ್ದು 20ನೆಯ ಶತಮಾನದ ಎರಡು ಮಹಾಯುದ್ಧಗಳ ಕಾಲದಲ್ಲಿ. ರೇಡಾರ್ ಪದ ಹಾಗೆ ಬಂದದ್ದು. ಅದಕ್ಕಿಂತ ಹಳೆಯ ಪದಕ್ಕೆ ಯಾರಾದರೂ ಇಂಥ ಮೂಲ ಹೇಳಿದರೆ ಸಾಕ್ಷಿ ಕೇಳಿ.

ಎಲ್ಲವನ್ನೂ ತಳ್ಳಿಹಾಕುವಂತೆಯೂ ಇಲ್ಲ. ನಾವು ದಿನಕ್ಕೆ ನೂರು ಸಲ ಹೇಳುವ ‘ಓಕೆ’ ನಿಜವಾಗಿಯೂ ಮೊದಲಕ್ಷರಗಳಿಂದ ಬಂದದ್ದು. ‘ಆಲ್ ಕರೆಕ್ಟ್’ ಎಂಬುದನ್ನು ಬೇಕೆಂದೇ ತಪ್ಪು ಕಾಗುಣಿತದಲ್ಲಿ ‘ಓಲ್ ಕೊರೆಕ್ಟ್’ ಎಂದು ಬರೆದು, ಅದನ್ನು ಓ ಕೆ ಎಂದು ಮೊಟಕು ಮಾಡಿ 1839ರ ಮಾರ್ಚ್ 23ರಂದು ಅಮೆರಿಕದ ಬಾಸ್ಟನ್ ಪತ್ರಿಕೆಯೊಂದು ಅಚ್ಚು ಹಾಕಿತು. ಆಗ ಅಲ್ಲಿ ಹಾಗೆ ಬರೆಯುವ ಹುಚ್ಚು ಇತ್ತು. ಮರುವರ್ಷ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಮತ್ತೆ ಚುನಾವಣೆಗೆ ನಿಂತರು. ಅವರ ಊರು ಕಿಂಡರ್‌ಹುಕ್, ಅಡ್ಡಹೆಸರು ಓಲ್ಡ್ ಕಿಂಡರ್‌ಹುಕ್. ಬೆಂಬಲಿಗರು ಓಕೆ ಎಂದು ಕೂಗಿದರು, ಪದ ದೇಶ ತುಂಬಿತು. ಇಷ್ಟನ್ನೂ ಹಳೆಯ ಪತ್ರಿಕೆಗಳನ್ನು ಜಾಲಾಡಿ ಹೊರತೆಗೆದವರು ಆಲೆನ್ ವಾಕರ್ ರೀಡ್ ಎಂಬ ವಿದ್ವಾಂಸರು, 1960ರ ದಶಕದಲ್ಲಿ. ಓಕೆಗೆ ತಾರೀಖಿದೆ, ಪತ್ರಿಕೆ ಇದೆ, ಓದಬಹುದಾದ ಪುಟ ಇದೆ. ಪಾಶ್‌ನ ಹಡಗಿನ ಕಥೆಗೆ ಇದ್ಯಾವುದೂ ಇಲ್ಲ.

ಐದನೆಯ ಹೆಜ್ಜೆ: ಪದದ ನೆಂಟರನ್ನು ಹುಡುಕಿ

ಕಥೆ ಬಿದ್ದುಹೋಯಿತು. ಹಾಗಾದರೆ ಪಾಶ್ ಬಂದದ್ದೆಲ್ಲಿಂದ? ಈಗ ಇನ್ನೂ ಹಿಂದಕ್ಕೆ ಹೋಗಿ, ಅದೇ ಉಚ್ಚಾರದ ಹಳೆಯ ಪದಗಳನ್ನು ನೋಡಬೇಕು.

1830ರ ದಶಕದ ಲಂಡನ್ನಿನ ಕಳ್ಳರ ಗುಟ್ಟುಮಾತಿನಲ್ಲಿ ಪಾಶ್ ಅಂದರೆ ಅರ್ಧ ಪೆನ್ನಿ, ಚಿಲ್ಲರೆ ಕಾಸು. 1890ರ ಹೊತ್ತಿಗೆ ಬಂದ ಒಂದು ಆಡುಮಾತಿನ ನಿಘಂಟು ಎರಡು ಅರ್ಥ ಕೊಡುತ್ತದೆ: ಹಣ, ಮತ್ತು ಶೋಕಿಲಾಲ. 1892ರಲ್ಲಿ ಲಂಡನ್ನಿನಲ್ಲಿ ಬಂದ ಒಂದು ಹಾಸ್ಯ ಕಾದಂಬರಿಯ ಸಿರಿವಂತ ಪಾತ್ರದ ಮನೆತನದ ಹೆಸರೇ ಪಾಶ್. ಆಮೇಲೆ 1914ರ ಸಿಪಾಯಿಗಳ ಬಟ್ಟೆ. ಕಾಸು, ಶೋಕಿಲಾಲ, ಒಳ್ಳೆಯ ಬಟ್ಟೆ, ದೊಡ್ಡವರ ಬಡಾವಣೆ. ದಾರಿ ಕಣ್ಣಿಗೆ ಕಾಣುತ್ತದೆ.

ಆ ಅರ್ಧ ಪೆನ್ನಿಯ ಪಾಶ್ ಬಂದದ್ದು ರೊಮಾನಿ ಭಾಷೆಯಿಂದ. ಅಲ್ಲಿ ಪಾಶ್ ಅಂದರೆ ಅರ್ಧ. ರೊಮಾನಿ ಯುರೋಪಿನ ಅಲೆಮಾರಿ ರೋಮಾ ಜನರ ಭಾಷೆ. ಅವರ ಹಿರಿಯರು ಸುಮಾರು ಸಾವಿರ ವರ್ಷದ ಹಿಂದೆ ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೊರಟವರು. ಅವರ ಈ ‘ಅರ್ಧ’ವನ್ನು ಭಾಷಾತಜ್ಞರು ಸಂಸ್ಕೃತದ ‘ಪಾರ್ಶ್ವ’ಕ್ಕೆ ಜೋಡಿಸುತ್ತಾರೆ. ಪಾರ್ಶ್ವ ಅಂದರೆ ಮಗ್ಗುಲು, ಒಂದು ಬದಿ. ನಮ್ಮ ಕನ್ನಡದಲ್ಲೂ ಮೈಯ ಒಂದು ಬದಿ ಬಿದ್ದುಹೋದರೆ ಪಾರ್ಶ್ವವಾಯು ಎನ್ನುತ್ತೇವೆ. ಇದನ್ನು ಮೊದಲು ಓದಿದ ದಿನ ನನಗೆ ತುಂಬಾ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ. ಹಡಗಿನ ಕಥೆಯಲ್ಲಿ ಭಾರತ ಸಾಹೇಬರು ಬಂದಿಳಿಯುವ ಒಂದು ಬಂದರು ಅಷ್ಟೇ. ಇಲ್ಲಿ ಬರಿಗಾಲಿನಲ್ಲಿ ನಡೆದು ಹೋದ ಬಡವರು ತಮ್ಮ ಮಾತನ್ನು ಲಂಡನ್ನಿನ ಗಲ್ಲಿಯವರೆಗೆ ಒಯ್ದಿದ್ದಾರೆ.

ಮನಸ್ಸು ಇದನ್ನೇ ನಿಜ ಎಂದುಬಿಡಲು ಹಾತೊರೆಯುತ್ತದೆ. ಅಲ್ಲೇ ಎಚ್ಚರ ಬೇಕು. ಅರ್ಧ ಪೆನ್ನಿಯ ಪಾಶ್ ರೊಮಾನಿಯದು ಎಂಬುದು ಗಟ್ಟಿ. ಆ ಚಿಲ್ಲರೆ ಕಾಸಿನ ಪಾಶ್‌ನಿಂದಲೇ ಶೋಕಿಯ ಪಾಶ್ ಹುಟ್ಟಿತು ಎಂಬ ಕೊಂಡಿ ಇನ್ನೂ ಗಟ್ಟಿಯಾಗಿಲ್ಲ. ನಿಘಂಟುಗಳು ‘ಮೂಲ ಖಚಿತವಿಲ್ಲ’ ಎಂದೇ ಬರೆಯುತ್ತವೆ. ಆ ಸಾಲನ್ನು ನೋಡಿ ಬೇಸರಪಡಬೇಡಿ. ಎಲ್ಲ ಹುಡುಕಿದ ಮೇಲೆ ಅಷ್ಟೇ ಹೇಳಲು ಸಾಧ್ಯ ಎಂದು ಒಪ್ಪುವ ನಿಘಂಟನ್ನೇ ನಾನು ಹೆಚ್ಚು ನಂಬುತ್ತೇನೆ.

ಆರನೆಯ ಹೆಜ್ಜೆ: ಸಿಕ್ಕಿದ್ದನ್ನು ಮೂರು ಸಾಲಿನಲ್ಲಿ ಬರೆಯಿರಿ

ಒಂದು ಸಾಲು ಖಚಿತವಾದದ್ದಕ್ಕೆ, ಒಂದು ಸಾಲು ಸಾಧ್ಯವಿರುವುದಕ್ಕೆ, ಒಂದು ಸಾಲು ಬರೀ ಕಥೆಗೆ. ವರ್ಷಗಳನ್ನು ಬಿಡದೆ ಹಾಕಿ. ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಆ ಹಡಗಿನ ಕಥೆ ಮತ್ತೆ ಬಂದಾಗ ನಾನು ಬರೆದದ್ದು ಹೀಗೆ:

‘ಮಾವ, ನೀವು ಹೇಳಿದ ಬಿಸಿಲಿನ ಲೆಕ್ಕ ಸರಿಯಾಗಿದೆ, ನಾನೂ ನಕ್ಷೆ ಬರೆದು ನೋಡಿದೆ. ಆದರೆ ಪಾಶ್ ಪದ 1914ರಲ್ಲೇ ಸೇನೆಯವರ ಬಾಯಲ್ಲಿದೆ, ಹಡಗಿನ ಕಥೆ 1935ಕ್ಕಿಂತ ಮುಂಚೆ ಎಲ್ಲೂ ಸಿಗುವುದಿಲ್ಲ. ಮುದ್ರೆ ಇರುವ ಟಿಕೆಟ್ಟೂ ಸಿಕ್ಕಿಲ್ಲ. ರೊಮಾನಿ ಭಾಷೆಯಿಂದ ಬಂದಿರಬಹುದು ಅಂತಾರೆ, ನಮ್ಮ ಪಾರ್ಶ್ವದ ನೆಂಟ ಅದು. ನಿಮಗೆ ಬೇರೆ ಏನಾದರೂ ಗೊತ್ತಿದ್ದರೆ ಹೇಳಿ.’

ಕಥೆ ಹೇಳಿದವರನ್ನು ತಪ್ಪಿತಸ್ಥರ ಥರ ನಿಲ್ಲಿಸಬಾರದು. ಅವರು ಪದವನ್ನು ಪ್ರೀತಿಸಿದ್ದಕ್ಕೇ ನಮಗೆ ಕಥೆ ಸಿಕ್ಕಿದ್ದು. ಮಾವ ಮರುದಿನ ಬೆಳಿಗ್ಗೆ ಫೋನ್ ಮಾಡಿ, ಆ ಪಾರ್ಶ್ವದ ವಿಷಯ ಇನ್ನೊಮ್ಮೆ ಹೇಳು ಎಂದರು.

ಕೈ ಪಳಗಲು ಒಂದೆರಡು ಪದ

‘ಕುಶಿ’ ಎಂಬ ಇಂಗ್ಲಿಷ್ ಪದ ತೆಗೆದುಕೊಳ್ಳಿ. ಕುಶಿ ಜಾಬ್ ಅಂದರೆ ಹೆಚ್ಚು ಶ್ರಮವಿಲ್ಲದ, ಆರಾಮದ ಕೆಲಸ. ಮೆತ್ತನೆಯ ಕುಶನ್‌ನಿಂದ ಬಂದಿದೆ ಎಂದು ತುಂಬಾ ಜನ ಇಂಗ್ಲಿಷರೇ ಅಂದುಕೊಂಡಿದ್ದಾರೆ. ಅದು ನಮ್ಮ ‘ಖುಷಿ’. ಪಾರಸಿಯ ‘ಖುಷ್’ ಹಿಂದುಸ್ತಾನಿಗೆ ಬಂತು, ಅಲ್ಲಿಂದ ಬ್ರಿಟಿಷ್ ಸಿಪಾಯಿಗಳ ಬಾಯಿಗೆ ಹೋಯಿತು. ಮೊದಲ ಮಹಾಯುದ್ಧದಲ್ಲಿ ಜೀವಕ್ಕೆ ಅಪಾಯವಿಲ್ಲದೆ ಮನೆಗೆ ಕಳಿಸುವಷ್ಟೇ ಆದ ಗಾಯಕ್ಕೂ ಅವರು ‘ಕುಶಿ’ ಎನ್ನುತ್ತಿದ್ದರು.

‘ಡೂಲ್ಯಾಲಿ’ ಇನ್ನೊಂದು. ತಲೆ ಕೆಟ್ಟಿದೆ ಎಂಬ ಅರ್ಥದ ಪದ. ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಸೇನೆಯ ಶಿಬಿರವಿತ್ತು. ಸೇವೆ ಮುಗಿಸಿದ ಸೈನಿಕರು ಊರಿಗೆ ಹೋಗುವ ಹಡಗಿಗಾಗಿ ಅಲ್ಲಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಕೆಲಸವಿಲ್ಲ, ಸೆಕೆ, ಕಾಯಿಲೆ. ಆಗ ಹಿಡಿಯುವ ಮಂಕಿಗೆ ‘ಡೂಲ್ಯಾಲಿ ಟ್ಯಾಪ್’ ಎಂದರು. ಟ್ಯಾಪ್ ಅಂದರೆ ಜ್ವರ. ನಮ್ಮ ತಾಪದ ಬಳಗದ ಪದ. ಈ ಕಥೆಗೆ ಊರು ಇದೆ, ರೈಲು ನಿಲ್ದಾಣ ಇದೆ, ಸೈನಿಕರ ಬರಹಗಳಿವೆ.

ಮೂರನೆಯದನ್ನು ನೀವೇ ಮಾಡಿ. ಬ್ರಿಟಿಷರು ಚೆನ್ನಾಗಿರುವುದಕ್ಕೆಲ್ಲ ‘ಪಕ್ಕಾ’ ಎನ್ನುತ್ತಾರೆ. ನಾವೂ ‘ನಾಳೆ ಪಕ್ಕಾ ಬರ್ತೀನಿ’ ಎನ್ನುತ್ತೇವೆ. ಇಂಟರ್ನೆಟ್ ಆರ್ಕೈವ್ ತೆರೆದು ಹಾಬ್ಸನ್-ಜಾಬ್ಸನ್ ಹುಡುಕಿ. ಪಿ ಅಕ್ಷರದ ಪುಟಗಳಲ್ಲಿ ಅದು ಸಿಗುತ್ತದೆ. ಕಾಗುಣಿತ ಈಗಿನಂತಿಲ್ಲ, ಪಿ ಆದ ಮೇಲೆ ಯು, ಸಿ, ಕೆ, ಎ. ಅಲ್ಲಿಂದ ಶುರು ಮಾಡಿ.